ಮುಟ್ಟಿನಲ್ಲಿ ರಕ್ತ ಹರಿಯುವ ಮೊದಲು ಒಮ್ಮೆ ನಿಲ್ಲುತ್ತದೆ

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವಳು, ಪ್ರಾಯ 43. ಎರಡು ತಿಂಗಳ ಹಿಂದೆ ಹೊಟ್ಟೆನೋವೆಂದು ಕಾಸರಗೋಡಿನಲ್ಲಿ ಸ್ಕ್ಯಾನ್ ಮಾಡಿಸಿದಾಗ ಗರ್ಭಕೋಶದ ಪದರ 4 ಮಿ.ಮೀ. ಇತ್ತು. ಮೊನ್ನೆ ಮಂಗಳೂರಿನಲ್ಲಿ ಮಾಡಿಸಿದರೆ 13 ಮಿ.ಮೀ. ಬಂತು. ಇದು ಬೆಳೆಯುತ್ತಿರುವ ರೋಗವೇ? ಇನ್ನೊಂದು, ಮುಟ್ಟಿನ ರಕ್ತ ನಿಜವಾಗಿ ಎಲ್ಲಿಂದ ಬರುತ್ತದೆ? ಯಾವ ಮದ್ದೂ ಇಲ್ಲದೆ ತನ್ನಷ್ಟಕ್ಕೆ ನಿಲ್ಲುವುದು ಹೇಗೆ? ನನ್ನ ಮಗಳಿಗೆ 14. ಅವಳಿಗೆ ಎರಡು ತಿಂಗಳಿಗೊಮ್ಮೆ ಆಗುವುದು, ಆದರೆ ಹತ್ತು ಹನ್ನೆರಡು ದಿನ ನಿಲ್ಲುವುದಿಲ್ಲ, ಗಡ್ಡೆ ಗಡ್ಡೆ ಹೋಗುತ್ತದೆ. ಡಾಕ್ಟರು ರಕ್ತ ನಿಲ್ಲುವ ಮಾತ್ರೆ ಬರೆದುಕೊಟ್ಟಿದ್ದಾರೆ. "ಹಾಳು ರಕ್ತ ಹೋಗಲಿ, ತಡೆದರೆ ಒಳಗೆ ಗಡ್ಡೆ ಕಟ್ಟುತ್ತದೆ" ಎಂದು ಅತ್ತೆ ಮಾತ್ರೆ ಕೊಡಲು ಬಿಡುವುದಿಲ್ಲ. ಎರಡೂ ರಿಪೋರ್ಟ್ ಕಳಿಸಿದ್ದೇನೆ.

ಉತ್ತರ: ಮೊದಲು ಸ್ಕ್ಯಾನಿನ ಹೆದರಿಕೆ ಕಳೆಯೋಣ. ನೀವು ಕಳಿಸಿದ ಎರಡೂ ರಿಪೋರ್ಟಿನ ಮೇಲ್ಭಾಗದಲ್ಲಿ ಎಲ್‌ಎಂಪಿ ಎಂದು ಬರೆದು ಪಕ್ಕದಲ್ಲಿ ಒಂದು ತಾರೀಕು ಹಾಕಿದ್ದಾರೆ, ನೋಡಿ. ಅದು ಹಿಂದಿನ ಸಲ ಮುಟ್ಟು ಶುರುವಾದ ದಿನ. ಅಲ್ಲಿಂದ ಎಣಿಸಿದರೆ ಕಾಸರಗೋಡಿನ ಸ್ಕ್ಯಾನ್ 6ನೇ ದಿನದ್ದು, ಮಂಗಳೂರಿನದ್ದು 22ನೇ ದಿನದ್ದು. ಮುಟ್ಟು ಮುಗಿಯುವ ಹೊತ್ತಿಗೆ ಪದರ 4 ಮಿ.ಮೀ. ಆಸುಪಾಸಿನಲ್ಲಿ ತೆಳ್ಳಗಿರುತ್ತದೆ. ಮುಂದಿನ ಮುಟ್ಟಿಗೆ ವಾರವಿದೆ ಎನ್ನುವಾಗ ಅದೇ ಪದರ 7ರಿಂದ 16 ಮಿ.ಮೀ. ತನಕ ದಪ್ಪವಾಗಿರುವುದು ಸಹಜ. ಹಾಗಾಗಿ ನಿಮ್ಮ ಎರಡೂ ಅಳತೆ ಸರಿಯಾಗಿಯೇ ಇದೆ, ರೋಗ ಬೆಳೆದದ್ದಲ್ಲ. ದಿನ ನೋಡದೆ ಮಿಲಿಮೀಟರ್ ಮಾತ್ರ ನೋಡಿ ನಿದ್ದೆಗೆಡುವವರು ನಮ್ಮ ಗಡಿನಾಡಿನಲ್ಲಿ ಬಹಳ ಮಂದಿ. ಒಂದು ಸ್ಕ್ಯಾನ್ ತಲಪಾಡಿ ಗಡಿಯಿಂದ ಈಚೆ, ಇನ್ನೊಂದು ಆಚೆ ಮಾಡಿಸುವುದು ನಮಗೆ ರೂಢಿ, ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಡಾಕ್ಟರು ಸಿಗುವುದು ಅಪರೂಪ. ಒಂದು ಮಾತು ಮಾತ್ರ ನೆನಪಿರಲಿ: ಮುಟ್ಟು ಪೂರ್ತಿ ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಪರೀಕ್ಷೆ ಬೇಕು. ಆ ಪ್ರಾಯದಲ್ಲಿ ರಕ್ತದ ಜೊತೆಗೆ ಪದರವೂ 4 ಮಿ.ಮೀ. ದಾಟಿದ್ದರೆ ಹಾಗೇ ಬಿಡುವಂತಿಲ್ಲ. ನಿಮಗೆ ಈಗ ಆ ಲೆಕ್ಕ ಅನ್ವಯಿಸುವುದಿಲ್ಲ.

ನಿಮ್ಮ ಎರಡನೇ ಪ್ರಶ್ನೆಯನ್ನು ನನ್ನಲ್ಲಿ ಕೇಳಿದವರು ಕಡಿಮೆ. ನಲವತ್ತು ವರ್ಷ ಮುಟ್ಟಾದವರೂ "ಒಳಗೆ ಎಲ್ಲಿಂದ ಬರುತ್ತದೆ" ಎಂದು ಕೇಳುವುದಿಲ್ಲ, ಹೇಳುವವರೂ ಇಲ್ಲ. ಗಾಯಕ್ಕೂ ಮುಟ್ಟಿಗೂ ಇರುವ ದೊಡ್ಡ ವ್ಯತ್ಯಾಸ ಯಾವುದು ಮೊದಲು, ಯಾವುದು ಆಮೇಲೆ ಎಂಬುದರಲ್ಲಿದೆ. ತರಕಾರಿ ಹೆಚ್ಚುವಾಗ ಕತ್ತಿ ತಾಗಿದರೆ ಮೊದಲು ರಕ್ತ ಬರುತ್ತದೆ, ಆಮೇಲೆ ನಾಳ ಮುದುಡಿಕೊಂಡು ಅದನ್ನು ನಿಲ್ಲಿಸುತ್ತದೆ. ಮುಟ್ಟಿನಲ್ಲಿ ನಾಳ ಮೊದಲೇ ಮುದುಡುತ್ತದೆ, ರಕ್ತ ಬರುವುದು ಆಮೇಲೆ. ನೋವು ಯಾಕೆ, ಗಡ್ಡೆ ಯಾಕೆ, ಮಾತ್ರೆ ಏನು ಮಾಡುತ್ತದೆ ಎಂಬುದೆಲ್ಲ ಇದರ ಹಿಂದೆಯೇ ಬರುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಗರ್ಭಕೋಶಕ್ಕೆ ಎಡಕ್ಕೊಂದು ಬಲಕ್ಕೊಂದು ದೊಡ್ಡ ಅಪಧಮನಿ ಬರುತ್ತದೆ. ಗರ್ಭಕೋಶದ ದಪ್ಪ ಸ್ನಾಯುಗೋಡೆಯೊಳಗೆ ಹೊಕ್ಕು, ಸುತ್ತ ಬಳಸಿ, ಅಲ್ಲಿಂದ ಒಳಮುಖವಾಗಿ ಸಣ್ಣ ಸಣ್ಣ ಕವಲು ಬಿಡುತ್ತದೆ. ಈ ಕವಲುಗಳು ಒಳಪದರದ ಬುಡಕ್ಕೆ ಮುಟ್ಟಿದಾಗ ಎರಡು ಬಗೆಯ ನಾಳಗಳಾಗುತ್ತವೆ. ಗಿಡ್ಡನೆಯ ನೇರ ನಾಳ ಬುಡದಲ್ಲೇ ಮುಗಿಯುತ್ತದೆ. ಉದ್ದದ್ದು ಮೇಲ್ಪದರವನ್ನು ತೂರಿಕೊಂಡು ತುದಿ ತನಕ ಏರುತ್ತದೆ. ಇದರ ಹೆಸರು ಸುರುಳಿ ಅಪಧಮನಿ. ಬುಡದ ಪದರ ಯಾವ ತಿಂಗಳೂ ಉದುರುವುದಿಲ್ಲ, ಅದಕ್ಕೆ ರಕ್ತ ಕೊಡುವ ನೇರ ನಾಳ ಹಾರ್ಮೋನಿನ ಏರಿಳಿತಕ್ಕೆ ಹೆಚ್ಚು ಜಗ್ಗುವುದೂ ಇಲ್ಲ. ತಿಂಗಳು ತಿಂಗಳು ಬೆಳೆದು ಉದುರುವುದು ಮೇಲಿನ ಪದರ. ಅದರ ಜುಟ್ಟು ಹಿಡಿದಿರುವುದು ಸುರುಳಿ ಅಪಧಮನಿ.

ಮುಟ್ಟು ಮುಗಿದ ದಿನ ಮೇಲ್ಪದರ ಹೆಚ್ಚುಕಡಿಮೆ ಇಲ್ಲ ಎನ್ನುವಷ್ಟು ತೆಳ್ಳಗೆ. ಅಂಡಾಶಯದಿಂದ ಬರುವ ಈಸ್ಟ್ರೋಜನ್ ಎಂಬ ಹಾರ್ಮೋನು ಏರುತ್ತಾ ಹೋದ ಹಾಗೆ ಪದರ ದಪ್ಪವಾಗುತ್ತದೆ, ಅದರೊಡನೆ ನಾಳಗಳೂ ಚಿಗುರುತ್ತವೆ. ನಾಳ ಚಿಗುರಿಸುವ ವಿಇಜಿಎಫ್ ಎಂಬ ಪ್ರೋಟೀನು ಇಲ್ಲಿ ಮುಖ್ಯ ಕೆಲಸಗಾರ. ಮೊದಲ ಎರಡು ವಾರ ಪದರವೂ ನಾಳವೂ ಜೊತೆಜೊತೆಯಲ್ಲೇ ಬೆಳೆಯುವುದರಿಂದ ಸುರುಳಿ ಇನ್ನೂ ಅಷ್ಟು ಬಿಗಿಯಾಗಿರುವುದಿಲ್ಲ.

28 ದಿನಗಳ ಚಕ್ರದಲ್ಲಿ ಸುಮಾರು 14ನೇ ದಿನ ಅಂಡಾಶಯದಿಂದ ಅಂಡ ಹೊರಬೀಳುತ್ತದೆ. ಅಂಡ ಬಿಟ್ಟ ಜಾಗ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ತಯಾರಿಸಲು ತೊಡಗುತ್ತದೆ. ಈಗ ಪದರದ ಬೆಳವಣಿಗೆ ನಿಧಾನವಾಗುತ್ತದೆ, ಆದರೆ ಅಪಧಮನಿ ಉದ್ದವಾಗುವುದನ್ನು ನಿಲ್ಲಿಸುವುದಿಲ್ಲ. ಅಡಿಕೆ ತೋಟದಲ್ಲಿ ಹತ್ತು ಮಾರು ಜಾಗಕ್ಕೆ ಮೂವತ್ತು ಮಾರು ಪೈಪು ಹಾಸಿದರೆ ಅದು ಸುತ್ತಿಕೊಳ್ಳಲೇಬೇಕಲ್ಲ, ಹಾಗೆ ಇದೂ ಸುತ್ತಿಕೊಳ್ಳುತ್ತದೆ. ನಾಳದ ಗೋಡೆಯ ಸ್ನಾಯು ದಪ್ಪವಾಗುತ್ತದೆ. 23ನೇ ದಿನದ ಸುಮಾರಿಗೆ ನಾಳದ ಸುತ್ತಲಿನ ಕೋಶಗಳು ಉಬ್ಬಿ, ಅದಕ್ಕೆ ಒತ್ತಾಗಿ ನಿಲ್ಲುತ್ತವೆ. ಈ ಬದಲಾವಣೆ ಪದರದ ಉಳಿದೆಡೆಗಿಂತ ಮೊದಲು ಶುರುವಾಗುವುದು ಸುರುಳಿ ಅಪಧಮನಿಯ ಮಗ್ಗುಲಲ್ಲಿ.

ಇಷ್ಟೆಲ್ಲ ತಯಾರಿ ಮುಟ್ಟಿಗಾಗಿ ಅಲ್ಲ, ಬಸಿರಿಗಾಗಿ. ಭ್ರೂಣ ನಾಟಿಕೊಂಡರೆ ಅದರ ಕೋಶಗಳು ಇದೇ ಅಪಧಮನಿಗಳೊಳಗೆ ಇಳಿದು, ಗೋಡೆಯ ಸ್ನಾಯುವನ್ನು ಕರಗಿಸಿ, ನಾಳವನ್ನು ಅಗಲ ಮಾಡುತ್ತವೆ. ಆಮೇಲೆ ಅದು ತಾಯಿಯ ದೇಹ ಹೇಳಿದ ಹಾಗೆ ಮುದುಡುವ ನಾಳವಲ್ಲ. ಮಗುವಿಗೆ ಎಡೆಬಿಡದೆ ರಕ್ತ ಬರುತ್ತಲೇ ಇರುತ್ತದೆ. ಆ ಅಗಲ ಮಾಡುವ ಕೆಲಸ ಅರ್ಧಕ್ಕೆ ನಿಂತವರಲ್ಲಿ ಬಸಿರಿನ ಕೊನೆಯ ತಿಂಗಳುಗಳಲ್ಲಿ ಬಿಪಿ ಏರುವುದು, ಮಗು ಬೆಳೆಯದಿರುವುದು ಕಾಣುತ್ತದೆ. ನಿಮ್ಮ ಪ್ರಶ್ನೆಗೆ ಇದು ಹೊರಗಿನದು, ಆದರೂ ಈ ನಾಳಗಳ ಅಸಲು ಕೆಲಸ ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಬಸಿರು ನಿಲ್ಲದಿದ್ದರೆ ಅಂಡಾಶಯದ ಆ ಜಾಗ ಎರಡು ವಾರದೊಳಗೆ ಸೊರಗುತ್ತದೆ, ಪ್ರೊಜೆಸ್ಟರಾನ್ ಕುಸಿಯುತ್ತದೆ. ಈ ಕುಸಿತವೇ ಮುಟ್ಟಿಗೆ ಕಾರಣ. ಅಂಗಾಂಶವನ್ನು ಒಟ್ಟಾಗಿ ಹಿಡಿದಿದ್ದ ಜಾಲವನ್ನು ಕರಗಿಸುವ ಕಿಣ್ವಗಳು ಹೊರಬರುತ್ತವೆ, ಬಿಳಿ ರಕ್ತಕಣಗಳು ನುಗ್ಗುತ್ತವೆ, ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಏರುತ್ತದೆ. ಪ್ರೊಸ್ಟಾಗ್ಲಾಂಡಿನ್‌ನ ಒಂದು ಬಗೆ ನಾಳವನ್ನೂ ಮುದುಡಿಸುತ್ತದೆ, ಗರ್ಭಕೋಶದ ಸ್ನಾಯುವನ್ನೂ ಹಿಂಡುತ್ತದೆ. ಹೊಟ್ಟೆನೋವು, ಸೊಂಟನೋವು, ಕೆಲವರಿಗೆ ಆ ದಿನ ಭೇದಿ, ಇವೆಲ್ಲ ಅದರದ್ದೇ ಉಪದ್ರ.

ಇದನ್ನು ಕಣ್ಣಾರೆ ಕಂಡವರು ಇದ್ದಾರೆ. ಅಮೆರಿಕದ ಅಂಗರಚನಾ ವಿಜ್ಞಾನಿ ಜೆ. ಇ. ಮಾರ್ಕೀ 1940ರಲ್ಲಿ ಪ್ರಕಟಿಸಿದ ಕೆಲಸ ಅದು. ರೀಸಸ್ ಮಂಗಗಳ ಗರ್ಭಕೋಶದ ಒಳಪದರದ ಚೂರನ್ನು ತೆಗೆದು ಅದೇ ಮಂಗದ ಕಣ್ಣಿನ ಮುಂಭಾಗದ ಕೋಣೆಯಲ್ಲಿ ನೆಟ್ಟರು. ಚೂರು ಅಲ್ಲಿ ಬದುಕಿತು, ಮಂಗ ಮುಟ್ಟಾದಾಗ ಅದೂ ಮುಟ್ಟಾಯಿತು. ಕಣ್ಣಿನ ಮುಂದಿನ ಪೊರೆ ಪಾರದರ್ಶಕವಾದ್ದರಿಂದ ಎಲ್ಲವನ್ನೂ ಸೂಕ್ಷ್ಮದರ್ಶಕ ಹಿಡಿದು ನೋಡಬಹುದಿತ್ತು. ರಕ್ತ ಬರುವುದಕ್ಕೆ ಕೆಲವು ದಿನ ಮೊದಲೇ ಪದರ ಕುಗ್ಗತೊಡಗಿತು, ಸುರುಳಿಗಳು ಒಂದರ ಮೇಲೊಂದು ಒತ್ತಿಕೊಂಡು ರಕ್ತ ನಿಧಾನವಾಯಿತು. ರಕ್ತಸ್ರಾವಕ್ಕೆ 4ರಿಂದ 24 ಗಂಟೆ ಮೊದಲು ಅಪಧಮನಿಗಳು ಬಿಗಿಯಾಗಿ ಮುದುಡಿದವು, ಪದರ ಬಿಳಚಿಕೊಂಡಿತು. ಆಮೇಲೆ ಒಂದು ನಾಳ ಸಡಿಲಾಯಿತು. ಒಳಗೆ ನುಗ್ಗಿದ ರಕ್ತವನ್ನು ಅಷ್ಟರಲ್ಲಿ ಬಡವಾಗಿದ್ದ ಗೋಡೆ ತಡೆಯಲಿಲ್ಲ, ಒಡೆದು ಹನಿಯಿತು. ಸ್ವಲ್ಪ ಹೊತ್ತಿಗೆ ಅದೇ ನಾಳ ಪುನಃ ಮುದುಡಿತು. ಆಮೇಲೆ ಇನ್ನೊಂದು ನಾಳದ ಸರದಿ. ಎಲ್ಲ ನಾಳಗಳೂ ಒಟ್ಟಿಗೆ ಬಾಯಿ ಬಿಡುವುದಿಲ್ಲ ಎಂಬುದು ಅವರ ಬರಹದಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ. ಒಟ್ಟಿಗೆ ಬಿಟ್ಟಿದ್ದರೆ ಹೆಂಗಸರು ಉಳಿಯುತ್ತಿರಲಿಲ್ಲ.

ಹಾಗಾದರೆ ಎಷ್ಟು ರಕ್ತ ಹೋಗುತ್ತದೆ? ಒಂದು ಮುಟ್ಟಿನಲ್ಲಿ ಸರಾಸರಿ 30ರಿಂದ 40 ಮಿ.ಲೀ. 80 ಮಿ.ಲೀ. ದಾಟಿದರೆ ಜಾಸ್ತಿ ಎಂದು ಲೆಕ್ಕ. ಕಾಣುವುದೆಲ್ಲ ರಕ್ತವೂ ಅಲ್ಲ, ಉದುರಿದ ಪದರ ಮತ್ತು ಗ್ರಂಥಿಗಳ ದ್ರವವೂ ಅದರಲ್ಲಿ ಸೇರಿರುತ್ತದೆ. ಪ್ಯಾಡಿನಲ್ಲಿ ಅಳೆಯುವುದು ಕಷ್ಟ, ಮುಟ್ಟಿನ ಕಪ್ ಇಟ್ಟುಕೊಳ್ಳುವವರಿಗೆ ಸುಲಭ: ಸಾಧಾರಣ ಕಪ್ಪಿನಲ್ಲಿ 20ರಿಂದ 30 ಮಿ.ಲೀ. ಹಿಡಿಯುತ್ತದೆ, ಕೆಲವದರ ಮೇಲೆ ಗೆರೆಯೂ ಇರುತ್ತದೆ. 2022ರಲ್ಲಿ ಎರ್ನಾಕುಳಂ ಜಿಲ್ಲೆಯ ಕುಂಬಳಂಗಿ ಗ್ರಾಮ ಪ್ಯಾಡ್‌ಮುಕ್ತ ಎಂದು ಘೋಷಣೆಯಾದ ಮೇಲೆ ಕೇರಳದಲ್ಲಿ ಕಪ್ಪಿನ ಮಾತು ಮನೆಮನೆಗೆ ಬಂದಿದೆ. ನಮ್ಮ ಕಡೆಯ ಹೆಂಗಸರು ಇನ್ನೂ ಹಿಂದೆಮುಂದೆ ನೋಡುತ್ತಾರೆ.

ಇನ್ನು ನಿಲ್ಲುವ ವಿಷಯ. ಮೂರು ಕೆಲಸ ಒಟ್ಟಿಗೆ ನಡೆಯುತ್ತದೆ. ಒಡೆದ ನಾಳದ ತುದಿ ಮುದುಡುತ್ತದೆ. ಆ ತುದಿಯಲ್ಲಿ ಸಣ್ಣ ಹೆಪ್ಪು ಕೂತು ಬಾಯಿ ಮುಚ್ಚುತ್ತದೆ. ಮತ್ತು ಉದುರದೆ ಉಳಿದ ಬುಡದ ಪದರದಿಂದ ಹೊಸ ಹೊದಿಕೆ ಬೆಳೆಯುತ್ತಾ ಬರುತ್ತದೆ. ಈ ಮೂರನೆಯದು ಸೋಜಿಗ: ರಕ್ತ ಹೋಗುತ್ತಿರುವಾಗಲೇ, ಎರಡು ಮೂರನೇ ದಿನದಿಂದಲೇ ದುರಸ್ತಿ ಶುರುವಾಗಿರುತ್ತದೆ. 5-6ನೇ ದಿನಕ್ಕೆ ಒಳಮೈ ಪೂರ್ತಿ ಮುಚ್ಚುತ್ತದೆ. ಒಂದು ಕಲೆಯೂ ಉಳಿಯುವುದಿಲ್ಲ. ಇಷ್ಟು ಸಲ ಉದುರಿ ಇಷ್ಟು ಸಲ ಕಲೆಯಿಲ್ಲದೆ ಮಾಯುವ ಜಾಗ ದೊಡ್ಡವರ ದೇಹದಲ್ಲಿ ಬೇರೆ ಇಲ್ಲ.

ಈಗ ಅತ್ತೆಯವರ ಮಾತು. ಅವರಿಗೆ ಎದುರು ಹೇಳಬೇಡಿ, ಈ ಪುಟ ಓದಿ ಹೇಳಿ. ಮುಟ್ಟಿನಲ್ಲಿ ಹೋಗುವುದು ಕೈಯಿಂದ ಸೂಜಿ ಚುಚ್ಚಿ ತೆಗೆಯುವ ಅದೇ ರಕ್ತ. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಅಪಧಮನಿಯದು, ಎಂದರೆ ಶ್ವಾಸಕೋಶದಲ್ಲಿ ಆಗಷ್ಟೇ ಶುದ್ಧವಾಗಿ ಬಂದದ್ದು. ಕೊನೆಯ ದಿನಗಳಲ್ಲಿ ಕಂದು ಬಣ್ಣವಾಗುವುದು ನಿಧಾನವಾಗಿ ಹೊರಬರುವಾಗ ಹಳತಾಗಿ, ಕೆಟ್ಟದ್ದಾಗಿ ಅಲ್ಲ. ಅಂತಹ ರಕ್ತದ ಒಂದೊಂದು ಮಿಲಿಲೀಟರಿನಲ್ಲೂ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಇದೆ. 80 ಮಿ.ಲೀ. ಹೋದರೆ 40 ಮಿಲಿಗ್ರಾಂ ಹೋಯಿತು. ದಿನದ ಊಟದಿಂದ ದೇಹ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ.

ಗಡ್ಡೆಯ ಬಗ್ಗೆ ಅವರಿಗಿರುವ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ, ಆದರೆ ತಿರುಗುಮುರುಗಾಗಿದೆ. ಗರ್ಭಕೋಶದ ಒಳಗೆ ಹೆಪ್ಪನ್ನು ಕರಗಿಸುವ ವ್ಯವಸ್ಥೆ ಬಹಳ ಚುರುಕು. ಅದಕ್ಕೇ ಸಾಧಾರಣ ಮುಟ್ಟಿನ ರಕ್ತ ನೀರಾಗಿ ಹೋಗುತ್ತದೆ. ಕರಗಿಸುವ ವೇಗಕ್ಕಿಂತ ರಕ್ತ ಬರುವ ವೇಗ ಜಾಸ್ತಿಯಾದಾಗ ಗಡ್ಡೆ ಕಾಣುತ್ತದೆ. ಎಂದರೆ ಗಡ್ಡೆ ಹೋಗುವುದು ರಕ್ತ ಜಾಸ್ತಿ ಹೋಗುತ್ತಿದೆ ಎಂಬುದರ ಗುರುತು. ನಿಮ್ಮ ಮಗಳಿಗೆ ಬರೆದ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಈ ಕರಗಿಸುವ ಕೆಲಸವನ್ನು ಸ್ವಲ್ಪ ನಿಧಾನ ಮಾಡುತ್ತದೆ, ಅಷ್ಟೆ. ಒಡೆದ ನಾಳದ ತುದಿಯಲ್ಲಿ ಕೂತ ಹೆಪ್ಪು ಬೇಗ ಜಾರಿ ಹೋಗದೆ ನಿಲ್ಲುತ್ತದೆ. ಪದರ ಉದುರುವುದನ್ನು ಅದು ತಡೆಯುವುದಿಲ್ಲ, ಬಾಗಿಲು ಹಾಕಿ ರಕ್ತವನ್ನು ಒಳಗೆ ಕೂಡಿಹಾಕುವುದೂ ಇಲ್ಲ. ರಕ್ತ ಹೋಗುವ ದಿನಗಳಲ್ಲಿ, ನಾಲ್ಕೈದು ದಿನ ಮಾತ್ರ ತೆಗೆದುಕೊಳ್ಳುವ ಮಾತ್ರೆ ಅದು. ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ಹಿಂದೆ ರಕ್ತ ಹೆಪ್ಪುಗಟ್ಟಿದವರು ಇದನ್ನು ಮುಟ್ಟಬಾರದು. ಮನೆಯಲ್ಲಿ ಯಾರಿಗಾದರೂ ಹಾಗಾಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ನೋವಿಗೆ ಕೊಡುವ ಮೆಫೆನಾಮಿಕ್ ಆಸಿಡ್ ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದನ್ನೇ ಕಡಿಮೆ ಮಾಡುವುದರಿಂದ ರಕ್ತವೂ ತುಸು ಕಡಿಮೆಯಾಗುತ್ತದೆ. ಖಾಲಿ ಹೊಟ್ಟೆಗೆ ಬೇಡ, ಅಲ್ಸರ್ ಮತ್ತು ಕಿಡ್ನಿ ತೊಂದರೆ ಇದ್ದವರಿಗೆ ಬೇಡ.

ಪ್ರೊಜೆಸ್ಟರಾನ್ ಕುಸಿದರೇ ಮುಟ್ಟು ಎಂಬುದಕ್ಕೆ ಸಾಕ್ಷಿ ನಮ್ಮೂರ ಮೆಡಿಕಲ್ ಶಾಪಿನಲ್ಲೇ ಇದೆ. ಬ್ರಹ್ಮಕಲಶ, ನೇಮ, ಮದುವೆ ಬಂತೆಂದರೆ "ಡೇಟ್ ಮುಂದೆ ಹೋಗುವ ಮಾತ್ರೆ"ಗೆ ಸಾಲು. ನಾರೆಥಿಸ್ಟರಾನ್ ಎಂಬ ಆ ಮಾತ್ರೆ ಪ್ರೊಜೆಸ್ಟರಾನಿನ ಬಳಗದ್ದು. ತಿನ್ನುವಷ್ಟು ದಿನ ನಾಳಗಳಿಗೆ ಕುಸಿತದ ಸುದ್ದಿಯೇ ಮುಟ್ಟುವುದಿಲ್ಲ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು ಹಾಜರು. ಅಂಗಡಿಯಲ್ಲಿ ಕೇಳಿ ತಿನ್ನುವ ಮಾತ್ರೆ ಅದಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ದೇಹದೊಳಗೆ ಅದರ ಒಂದಂಶ ಈಸ್ಟ್ರೋಜನ್ ಆಗಿ ಬದಲಾಗುತ್ತದೆ, ಹೆಪ್ಪುಗಟ್ಟುವ ಅಪಾಯ ಇರುವವರಿಗೆ ತೊಂದರೆ.

ಮಗಳಿಗೆ ಬರುತ್ತೇನೆ. ಮುಟ್ಟು ಶುರುವಾದ ಮೊದಲ ಎರಡು ಮೂರು ವರ್ಷ ಅನೇಕ ತಿಂಗಳುಗಳಲ್ಲಿ ಅಂಡ ಹೊರಬೀಳುವುದೇ ಇಲ್ಲ. ಅಂಡ ಬೀಳದಿದ್ದರೆ ಪ್ರೊಜೆಸ್ಟರಾನ್ ಇಲ್ಲ. ಈಸ್ಟ್ರೋಜನ್ ಒಂದೇ ಪದರವನ್ನು ಬೆಳೆಸುತ್ತಾ ಹೋಗುತ್ತದೆ. ನಾಳಗಳು ಅಗಲವಾಗಿ, ತೆಳುಗೋಡೆಯವಾಗಿ ಉಳಿಯುತ್ತವೆ. ಸುತ್ತಿಕೊಳ್ಳುವುದು, ಗೋಡೆ ಗಟ್ಟಿಯಾಗುವುದು, ಕೊನೆಗೆ ಒಟ್ಟಾಗಿ ಮುದುಡುವುದು, ಇದ್ಯಾವುದೂ ಸರಿಯಾಗಿ ಆಗುವುದಿಲ್ಲ. ಆದ್ದರಿಂದ ಎರಡು ತಿಂಗಳು ಸುದ್ದಿಯಿಲ್ಲ, ಆಮೇಲೆ ಇಂದು ಈ ಮೂಲೆ, ನಾಳೆ ಆ ಮೂಲೆ ಎಂದು ಪದರ ಒಡೆಯುತ್ತಾ ಹನ್ನೆರಡು ದಿನ. ನೋವು ಹೆಚ್ಚಿಲ್ಲದೆ ರಕ್ತ ಮಾತ್ರ ಜಾಸ್ತಿ ಹೋಗುತ್ತಿದ್ದರೆ ಇದೇ ಕಾರಣ ಇರಬಹುದೆಂದು ನನ್ನ ಅಂದಾಜು. ನಿಮ್ಮ ಪ್ರಾಯದಲ್ಲೂ, ಮುಟ್ಟು ನಿಲ್ಲುವ ವರ್ಷಗಳು ಹತ್ತಿರ ಬರುತ್ತಿದ್ದಂತೆ, ಇದೇ ಕಥೆ ಪುನಃ ಶುರುವಾಗಬಹುದು. ಆಗ ಫೈಬ್ರಾಯ್ಡ್ (ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ ಗಡ್ಡೆ), ಪಾಲಿಪ್ (ಒಳಪದರದಿಂದ ಬೆಳೆಯುವ ಸಣ್ಣ ಮಾಂಸದ ಮೊಳಕೆ), ಥೈರಾಯ್ಡ್ ಎಂದು ಬೇರೆ ಕಾರಣಗಳನ್ನೂ ನೋಡಬೇಕಾಗುತ್ತದೆ.

ಆದರೆ "ಪ್ರಾಯದ್ದು, ಸರಿಯಾಗುತ್ತದೆ" ಎಂದು ಮಗಳನ್ನು ಹಾಗೇ ಬಿಡಬೇಡಿ. 8 ದಿನಕ್ಕಿಂತ ಹೆಚ್ಚು ರಕ್ತ ಹೋದರೆ ಅದು ಸಹಜದ ಗಡಿ ದಾಟಿದ್ದು. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಅದರೊಂದಿಗೆ ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಕೂಡ. ಹಿಮೋಗ್ಲೋಬಿನ್ 12ರ ಮೇಲೆ ಇದ್ದರೂ ಕಬ್ಬಿಣದ ದಾಸ್ತಾನು ಖಾಲಿಯಾಗಿರುವ ಹುಡುಗಿಯರು ಎಷ್ಟೋ ಮಂದಿ. ಥೈರಾಯ್ಡ್ ನೋಡಿಸಿ. ಇನ್ನೊಂದನ್ನು ನೀವೇ ನೆನಪು ಮಾಡಿಕೊಳ್ಳಿ: ಅವಳಿಗೆ ಆಗಾಗ ಮೂಗಿನಿಂದ ರಕ್ತ ಬರುತ್ತದೆಯೇ, ಹಲ್ಲು ಕೀಳಿಸಿದಾಗ ರಕ್ತ ನಿಲ್ಲಲು ತಡವಾಯಿತೇ, ಸಣ್ಣ ಏಟಿಗೂ ಮೈಮೇಲೆ ನೀಲಿ ಕಲೆ ಏಳುತ್ತದೆಯೇ, ನಿಮಗೆ ಹೆರಿಗೆಯಲ್ಲಿ ರಕ್ತ ವಿಪರೀತ ಹೋಗಿತ್ತೇ? ಹೌದಾದರೆ ಹೆಪ್ಪುಗಟ್ಟುವ ಶಕ್ತಿ ಹುಟ್ಟಿನಿಂದಲೇ ಕಡಿಮೆ ಇರುವ ವಾನ್ ವಿಲ್ಲೆಬ್ರಾಂಡ್ ಕಾಯಿಲೆಗೆ ಪರೀಕ್ಷೆ ಬೇಕು. ಇದು ಮೊದಲ ಸಲ ಕಾಣಿಸಿಕೊಳ್ಳುವುದು ಎಷ್ಟೋ ಸಲ ಮುಟ್ಟಿನಲ್ಲಿಯೇ.

"ಒಮ್ಮೆ ಕ್ಲೀನ್ ಮಾಡಿಸಿದರೆ ಆಗದಾ ಡಾಕ್ಟ್ರೇ" ಎಂದು, ಗರ್ಭಕೋಶದ ಒಳಪದರವನ್ನು ಕೆರೆಸಿ ತೆಗೆಸುವ ಬಗ್ಗೆ ಕೇಳುವವರು ತುಂಬ ಮಂದಿ. ನಿಮ್ಮ ಮನೆಯಲ್ಲೂ ಯಾರಾದರೂ ಹೇಳಬಹುದು. ಹದಿನಾಲ್ಕರ ಹುಡುಗಿಗೆ ಅದರ ಮಾತೇ ಬೇಡ. ನಿಮಗೂ ಸುಮ್ಮನೆ ಬೇಡ. ಕೆರೆಯುವಾಗ ಬುಡದ ಪದರಕ್ಕೆ ಏಟು ಬಿದ್ದರೆ ಪುನಃ ಚಿಗುರಲು ಬೇಕಾದ ಮೂಲವೇ ಹೋಯಿತು. ಗೋಡೆಗೆ ಗೋಡೆ ಅಂಟಿಕೊಂಡು ಕಲೆ ಕಟ್ಟುತ್ತದೆ. ತೊಳೆಯಬೇಕಾದ ಕೊಳೆ ಅಲ್ಲಿ ಇಲ್ಲ.

ಮಾತ್ರೆ ಕೊಡಿ. ಜೊತೆಗೆ ಕಬ್ಬಿಣದ ಮಾತ್ರೆಯೂ ಬೇಕಾಗುತ್ತದೆ, ಅದನ್ನು ಚಾಯದ ಜೊತೆ ಕೊಡಬೇಡಿ, ಲಿಂಬೆ ಶರಬತ್ತಿನ ಜೊತೆ ಕೊಡಿ. ಅಶೋಕಾರಿಷ್ಟ ಕೊಡಬಹುದೇ ಎಂದು ಅತ್ತೆ ಕೇಳಿದರೆ, ಪರೀಕ್ಷೆಗಳ ಫಲ ಬರುವ ತನಕ ಕಾಯಲು ಹೇಳಿ.

ಡಾಕ್ಟರಲ್ಲಿಗೆ ಹೋಗುವಾಗ ಒಂದು ಹಾಳೆ ಒಯ್ಯಿರಿ. ನಮ್ಮಲ್ಲಿ ರೋಗಿ ತುಳುವಿನಲ್ಲೋ ಕನ್ನಡದಲ್ಲೋ ಹೇಳುತ್ತಾಳೆ, ಡಾಕ್ಟರು ಮಲಯಾಳದಲ್ಲಿ ಕೇಳುತ್ತಾರೆ, ಕೊನೆಗೆ ಇಬ್ಬರಿಗೂ ಅರ್ಥವಾಗುವುದು "ಬ್ಲೀಡಿಂಗ್ ಜಾಸ್ತಿ" ಎಂಬ ಎರಡು ಶಬ್ದ ಮಾತ್ರ. ಅದರಿಂದ ಏನೂ ತಿಳಿಯುವುದಿಲ್ಲ. ತಾರೀಕು, ಆ ದಿನ ಎಷ್ಟು ಪ್ಯಾಡ್ ಬದಲಿಸಿದಳು, ಪೂರ್ತಿ ನೆನೆದಿತ್ತೋ ಅರ್ಧವೋ, ರಾತ್ರಿ ಎದ್ದು ಬದಲಿಸಿದಳೋ, ಗಡ್ಡೆ ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡದಿತ್ತೋ, ಇಷ್ಟನ್ನು ಅಂಕಿಯಲ್ಲಿ ಬರೆದರೆ ಯಾವ ಭಾಷೆಯ ಡಾಕ್ಟರಿಗೂ ಸಾಕು. ಮಗಳಲ್ಲೇ ಬರೆಸಿ, ಶಾಲೆಗೆ ಎರಡೆರಡು ಪ್ಯಾಡ್ ಒಟ್ಟಿಗೆ ಇಟ್ಟು ಹೋಗುವ ಹುಡುಗಿಯರು ಅದನ್ನು ಅಮ್ಮನಿಗೂ ಹೇಳಿರುವುದಿಲ್ಲ. ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆದು ಎರಡು ಮೂರು ಗಂಟೆ ಹಾಗೇ ಮುಂದುವರಿದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ಎದೆ ಡವಡವ ಎಂದರೆ ಹಾಳೆ ಬರೆಯುತ್ತಾ ಕೂರಬೇಡಿ, ಅಪಾಯಿಂಟ್‌ಮೆಂಟಿಗೂ ಕಾಯಬೇಡಿ. ರಾತ್ರಿಯಾದರೂ ಸರಿ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.